ಬೈತಖೋಲದ ಹೆಂಗಸರು ಕೇಳಿದ ಹೆಸರು

ಧಾರವಾಡದಿಂದ ಬೆಳಿಗ್ಗೆ ಹೊರಟ ಬಸ್ಸು ಯಲ್ಲಾಪುರದಲ್ಲಿ ಚಹಾಕ್ಕೆ ನಿಂತು, ಅರಬೈಲು ಘಟ್ಟ ಇಳಿಯುವ ಹೊತ್ತಿಗೆ ಸೆಕೆ ಶುರುವಾಗಿತ್ತು. ಸ್ವೆಟರ್ ಬಿಚ್ಚಿ ಚೀಲಕ್ಕೆ ತುರುಕಿದೆ. ನಾನು ಕಾನೂನು ಪಾಠ ಮಾಡುವವಳು. ನನ್ನ ಬಳಿ ಪಿಎಚ್‌ಡಿ ಮಾಡುತ್ತಿರುವ ಸುಜಾತಾ ಕಾರವಾರದ ಮೀನುಗಾರರ ಮನೆಯವಳು. ಬೈತಖೋಲ ಬಂದರಿನಲ್ಲಿ ಮೀನು ಮಾರುವ ಹೆಂಗಸರು ಕೂರುವ ಜಾಗವನ್ನು ತಮ್ಮತಮ್ಮಲ್ಲೇ ಹೇಗೆ ಹಂಚಿಕೊಳ್ಳುತ್ತಾರೆ, ಜಗಳವಾದರೆ ಯಾರ ಮಾತು ನಡೆಯುತ್ತದೆ ಎಂಬುದು ಅವಳ ಸಂಶೋಧನೆ. ಬರೆದದ್ದನ್ನು ಒಪ್ಪಿಸುವ ಮೊದಲು ಆ ಹೆಂಗಸರಿಗೇ ಓದಿ ಹೇಳಬೇಕು, ಅವರು ಬೇಡವೆಂದರೆ ಅಧ್ಯಾಯವನ್ನೇ ಕೈಬಿಡಬೇಕು ಎಂದು ಅವಳು ಹಟ ಹಿಡಿದಿದ್ದಳು. ವರ್ಷಗಟ್ಟಲೆ ಬೆವರು ಸುರಿಸಿದ ಅಧ್ಯಾಯ ಅದು. "ನೀವೂ ಬನ್ನಿ ಮೇಡಂ, ಒಬ್ಬಳೇ ನಿಲ್ಲೂಕೆ ಧೈರ್ಯ ಇಲ್ಲ" ಎಂದು ಫೋನಿನಲ್ಲಿ ಹೇಳಿದ್ದಳು.

ಮಧ್ಯಾಹ್ನ ಅವಳ ಮನೆಯಲ್ಲಿ ಊಟ. ನಾನು ಮೀನು ತಿನ್ನುವವಳಲ್ಲ ಎಂದು ತಿಳಿದು ಅವಳ ತಾಯಿ ಬಟಾಟೆಯನ್ನು ತೆಳ್ಳಗೆ ಹೆಚ್ಚಿ, ಮೀನಿಗೆ ಸವರುವ ಮಸಾಲೆಯನ್ನೇ ಸವರಿ, ರವೆಯಲ್ಲಿ ಹೊರಳಿಸಿ ಹುರಿದಿದ್ದರು. "ಇದ್ರಲ್ಲಿ ಮುಳ್ಳಿಲ್ಲ, ಹೆದರ್ಬೇಡಿ" ಎಂದು ನಕ್ಕರು. ಕುಚ್ಚಲಕ್ಕಿ ಅನ್ನದ ಜೊತೆ ನಾಚಿಕೆ ಬಿಟ್ಟು ತಿಂದೆ.

ಇಳಿಹೊತ್ತಿಗೆ ಬಂದರಿಗೆ ಹೋದೆವು. ಹರಾಜು ಮುಗಿದು ನೆಲ ತೊಳೆದಾಗಿತ್ತು. ಬುಟ್ಟಿಗಳನ್ನು ಬೋರಲು ಹಾಕಿ ಹೆಂಗಸರು ಅವುಗಳ ಮೇಲೇ ಕೂತರು. ಸುಜಾತಾ ಕನ್ನಡದಲ್ಲಿ ಒಂದೊಂದೇ ಸಾಲು ಓದಿ, ಮನೆಯ ಕೊಂಕಣಿಯಲ್ಲಿ ಬಿಡಿಸಿ ಹೇಳಿದಳು. ತಮ್ಮದೇ ಜಗಳಗಳನ್ನು ಕೇಳಿ ಅವರು ಒಬ್ಬರ ತೊಡೆ ಒಬ್ಬರು ಚಿವುಟಿ ನಕ್ಕರು. ಎಲ್ಲ ಸುಗಮವಾಗಿ ಹೋಗುತ್ತಿದೆ ಎನ್ನುವಾಗ ಎಲ್ಲರಿಗಿಂತ ದೊಡ್ಡ ದನಿಯ ಪಾರ್ವತಿ ಕೈ ಎತ್ತಿದರು.

"ಆಮ್ಚಿ ನಾಂವಾಂ ಖಂಯ್ ಗೊ?"

"ನಮ್ಮ ಹೆಸರೆಲ್ಲಿ ಅಂತಿದಾರೆ" ಎಂದಳು ಸುಜಾತಾ, ನನ್ನ ಮುಖ ನೋಡುತ್ತ. ಹೆಸರು ಹಾಕಬಾರದು ಎಂದವಳು ನಾನೇ. ಹೇಳಿದವರಿಗೆ ಮುಂದೆ ತೊಂದರೆಯಾಗದಿರಲಿ ಎಂದು ಸಂಶೋಧಕರು ಪಾಲಿಸುವ ನಿಯಮ ಅದು. ನಿಧಾನವಾಗಿ ವಿವರಿಸಿದೆ.

ಪಾರ್ವತಿ ಈಗ ನನಗಾಗಿ ಕನ್ನಡಕ್ಕೆ ಹೊರಳಿದರು. "ಹೆಸರು ಮುಚ್ಚಿಡೂಕೆ ನಾವೇನು ಕಳ್ಳತನ ಮಾಡಿದೀವ್ಯಾ? ನಮ್ಮ ಮಾತು ಬೇಕು, ನಾವು ಬೇಡ?"

ಬೇಕೆಂದವರ ಹೆಸರು ಹಾಕುವುದು, ಬೇಡವೆಂದವರದು ಬಿಡುವುದು ಎಂದು ಅಲ್ಲೇ ತೀರ್ಮಾನವಾಯಿತು. ಮೂಲೆಯಲ್ಲಿದ್ದ ಒಬ್ಬಾಕೆ ಮಾತ್ರ ಬೀಗರ ಮನೆಯವರಿಗೆ ಹೆದರಿ ತನ್ನದು ಬೇಡ ಎಂದರು. ಹಾಗಾದರೆ ಬೇರೆ ಯಾವ ಹೆಸರಿಡಲಿ ಎಂದು ಸುಜಾತಾ ಕೇಳಿದ್ದಕ್ಕೆ ತುಸು ಯೋಚಿಸಿ, ನಾಚಿ, "ಮಲ್ಲಿಗೆ" ಎಂದರು. "ಜನ್ಮ ಪೂರ್ತಿ ಬಾಂಗಡೆ ವಾಸನೆ, ಕಾಗದದಲ್ಲಾದ್ರೂ ಘಮಘಮ ಅನ್ಲಿ!" ನಕ್ಕು ನಕ್ಕು ಎಲ್ಲರ ಕಣ್ಣಲ್ಲಿ ನೀರು ಬಂತು.

ಆದರೆ ಪಾರ್ವತಿ ಒಂದು ಷರತ್ತು ಹಾಕಿದರು. ಅಧ್ಯಾಯದ ಮುಖ್ಯ ಕಥೆ ಹಿಂದೆ ಇದೇ ಸಾಲಿನಲ್ಲಿ ಕೂತು ಮೀನು ಮಾರುತ್ತಿದ್ದ ಬೀರಮ್ಮನದು. ಬೀರಮ್ಮ ಈಗ ಅಂಕೋಲೆಯ ಹತ್ತಿರ ಬೇಲೇಕೇರಿಯಲ್ಲಿ ಮಗಳ ಮನೆಯಲ್ಲಿದ್ದಾರೆ. "ಅವಳು ಹೂಂ ಅನ್ನದೆ ಆಗೂದಿಲ್ಲ."

ಮರುದಿನ ಅಂಕೋಲೆಯ ಬಸ್ಸು ಹಿಡಿದೆವು. ದಾರಿಯುದ್ದಕ್ಕೂ ಬಲಗಡೆ ಕಡಲು ಕಾಣಿಸಿಕೊಳ್ಳುತ್ತ ಮರೆಯಾಗುತ್ತ ಬಂತು. ಸುಜಾತಾ ಅದರತ್ತ ನೋಡಲೇ ಇಲ್ಲ. ಹೆದ್ದಾರಿಯಲ್ಲಿ ಇಳಿದು ಆಟೋ ಹಿಡಿದೆವು.

ಬೀರಮ್ಮ ಅಂಗಳದಲ್ಲಿ ಒಣಮೀನು ತಿರುವಿಹಾಕುತ್ತಿದ್ದರು. ಅಂಕೋಲೆಯ ಕಡೆಯ ಕನ್ನಡದವರು, ಮದುವೆಯಾಗಿ ಕಾರವಾರಕ್ಕೆ ಬಂದಾಗ ಕೊಂಕಣಿಯ ಒಂದು ಪದವೂ ಬರುತ್ತಿರಲಿಲ್ಲ. ಹೊಸದಾಗಿ ಬಂದವಳನ್ನು ಸಾಲಿನ ನಡುವೆ ಕೂರಿಸುವುದು ಬೈತಖೋಲದ ಪದ್ಧತಿ. ಎರಡೂ ಕಡೆಯವರ ಮಾತು ಕಿವಿಗೆ ಬಿದ್ದು ಭಾಷೆ ಬರುತ್ತದೆ, ಗಿರಾಕಿಗಳೂ ಸಿಗುತ್ತಾರೆ. "ಹೆಂಗಸರು ಬೀರಮ್ಮನಿಗೆ ನಡುವೆ ಜಾಗ ಕೊಟ್ಟರು" ಎಂದು ಸುಜಾತಾ ಓದಿದಾಗ ಮುದುಕಿಯ ಹುಬ್ಬು ಗಂಟಿಕ್ಕಿತು.

"ಸುಮ್ನೆ ಕೊಟ್ರಾ? ನಾ ಹೋಗಿ ಕೂತದ್ದು. ಎಬ್ಬಿಸಿದ್ರು. ಮತ್ತೆ ಕೂತೆ. ಕಡೆಗೆ ಪಾರ್ವತಿಯ ಅಬ್ಬೆ ತನ್ನ ಬುಟ್ಟಿ ಸರಿಸಿದ್ಲು. ಅದ್ನೂ ಬರಿ."

"ಆಗ ನಡುವೆ ಕೂರಿಸೋ ಪದ್ಧತಿ ಇರ್ಲಿಲ್ವಾ?" ಎಂದಳು ಸುಜಾತಾ, ಪೆನ್ನು ತೆರೆಯುತ್ತ.

"ಎಂತಾ ಪದ್ಧತಿ? ಎಬ್ಬಿಸಿದಾಗ ನಂಗೆ ಹೊಟ್ಟೆ ಉರಿದಿತ್ತು. ಆಮೇಲೆ ಹಣಕೋಣದಿಂದ ಒಂದು ಹೆಣ್ಣು ಬಂದು ಹೆದರಿ ನಿಂತಿತ್ತು. ನಾನೇ ಕೈ ಹಿಡಿದು ನಡುವೆ ಕೂರ್ಸಿದೆ. ಆಮೇಲೆ ಬಂದವರೆಲ್ಲ ಹಂಗೇ."

ಸುಜಾತಾ ಎದ್ದು ಅವರನ್ನು ಅಪ್ಪಿಕೊಂಡುಬಿಟ್ಟಳು. ನಡುವೆ ಕೂರಿಸುವ ಪದ್ಧತಿಯನ್ನು ಯಾರು ಶುರುಮಾಡಿದ್ದೆಂದು ಯಾರಿಗೂ ತಿಳಿಯದು ಎಂದು ಅವಳು ಬರೆದಿದ್ದಳು. ಆ ಕಾನೂನನ್ನು ಮಾಡಿದವರು ಈಗ ಅವಳ ತೋಳಿನಲ್ಲೇ ಇದ್ದರು. "ಬಿಡೆ ಮಾರಾಯ್ತಿ, ಮೈಯೆಲ್ಲ ಮೀನು" ಎಂದರು ಬೀರಮ್ಮ, ತಾವೂ ಬಿಡದೆ.

"ಹೆಸರು ಹಾಕಲಾ?" ಎಂದೆ.

"ಹಾಕ್ದೆ ಇರೂದಾ? ಮನೆತನದ ಹೆಸರೂ ಸೇರ್ಸಿ ಹಾಕಿ."

ಬೇಡವೆಂದರೂ ಬೀರಮ್ಮ ನಮ್ಮನ್ನು ಬೀಳ್ಕೊಡಲು, ಕಾದು ನಿಂತಿದ್ದ ಅದೇ ಆಟೋದಲ್ಲಿ ಅಂಕೋಲೆಯ ನಿಲ್ದಾಣದವರೆಗೆ ಬಂದರು. ನಾವಿಬ್ಬರೂ ಹತ್ತಿದ ಧಾರವಾಡದ ಬಸ್ಸು ಹೊರಳುವಾಗ ಕಿಟಕಿಯಿಂದ ತಿರುಗಿ ನೋಡಿದೆ. ಬೀರಮ್ಮ ಹೂ ಮಾರುವವಳ ಪಕ್ಕದಲ್ಲಿ ನಿಂತು, ಒಂದು ಕೈ ಸೊಂಟದ ಮೇಲಿಟ್ಟು, ಇನ್ನೊಂದು ಕೈಯಿಂದ ನಮ್ಮ ಬಸ್ಸನ್ನು ತೋರಿಸುತ್ತ ಏನೋ ಹೇಳುತ್ತಿದ್ದರು. ಹೂವಿನವಳು ಕಟ್ಟುವುದನ್ನು ನಿಲ್ಲಿಸಿ, ಬಾಯಿ ತೆರೆದು ಕೇಳುತ್ತಿದ್ದಳು.