ಕಸ ಹೊಡೆಯಲೊಲ್ಲದ ನರಸಿಂಹಮ್ಮ

ತುಮಕೂರಿನ ಅಶೋಕನಗರದ ಒಂದು ಮನೆ. ಬೆಳಗಿನ ಆರೂಕಾಲು ಗಂಟೆ. ನರಸಿಂಹಮ್ಮ ಸ್ಟೂಲ್ ಹತ್ತಿ, ಹಳೇ ದಿಂಬಿನ ಕವರೊಂದನ್ನು ಫ್ಯಾನಿನ ರೆಕ್ಕೆಗೆ ತೊಡಿಸುತ್ತಿದ್ದಾರೆ. ತೊಡಿಸಿ, ಒತ್ತಿ ಹಿಡಿದು ಮೆಲ್ಲಗೆ ಎಳೆದರೆ ಧೂಳೆಲ್ಲ ಕವರಿನೊಳಗೆ. ಕೆಳಗೆ ನಿಂತ ನನ್ನ ಅಂಗಿಯ ಮೇಲೆ ಒಂದು ಕಣವೂ ಬೀಳುವುದಿಲ್ಲ. ಕಿಟಕಿಗಳೆಲ್ಲ ತೆರೆದಿವೆ, ಅವರ ಮೂಗಿಗೆ ಮಾಸ್ಕ್ ಇದೆ. ಬೆಳಗಿನ ಮನೆಗೆಲಸದಲ್ಲಿ ಕೇಳಲೇಬೇಕಾದ ಪೊರಕೆಯ ಸದ್ದು ಮಾತ್ರ ಎಲ್ಲೂ ಇಲ್ಲ.

"ನಮ್ ಕಡೆ ಕಸ ಹೊಡಿಯೋದು ಅಂತೀವಲ್ಲ ಸಾರ್, ಆ ಮಾತೇ ತಪ್ಪು," ಎನ್ನುತ್ತಾ ಅವರು ಸ್ಟೂಲ್ ಇಳಿಯುತ್ತಾರೆ. "ಹೊಡುದ್ರೆ ಸುಮ್ಕಿರ್ತದಾ? ಎದ್ದು ನಮ್ ಮ್ಯಾಲೇ ಬತ್ತದೆ. ಕಸಾನ ಹೊಡೀಬಾರ್ದು, ಹಿಡೀಬೇಕು."

ಊರ್ಡಿಗೆರೆಯಲ್ಲಿ ಹುಟ್ಟಿ ಗೂಳೂರಿಗೆ ಸೊಸೆಯಾಗಿ ಬಂದ ನರಸಿಂಹಮ್ಮನಿಗೆ ಈಗ ನಲವತ್ತೆಂಟು ವರ್ಷ. ಗಂಡ ಪುಟ್ಟರಂಗಯ್ಯ ಗುಬ್ಬಿಯ ತೆಂಗಿನಕಾಯಿ ಮಂಡಿಯಲ್ಲಿ ಮೂಟೆ ಹೊರುತ್ತಾರೆ. ಇವರು ಇಪ್ಪತ್ತು ವರ್ಷದಿಂದ ಮೊದಲ ಬಸ್ಸು ಹತ್ತಿ ತುಮಕೂರಿಗೆ ಬಂದು ಮನೆಗೆಲಸ ಮಾಡುತ್ತಿದ್ದಾರೆ. ನಾಲ್ಕು ವರ್ಷದ ಹಿಂದೆ ಕೆಮ್ಮು ಹತ್ತಿತು. ಶೀತ ಅಂದುಕೊಂಡು ಮೆಣಸಿನ ಕಷಾಯ ಕುಡಿದರು. ಆಮೇಲೆ ಎದೆ ಗೊರಗೊರ ಅನ್ನತೊಡಗಿತು. ಮೂರನೇ ಮನೆ ಮುಟ್ಟುವಷ್ಟರಲ್ಲಿ ಮೆಟ್ಟಿಲ ಮೇಲೆ ಎರಡು ಸಲ ಕೂರಬೇಕಾಗುತ್ತಿತ್ತು. ಹೊಸ ಹುಲ್ಲು ಪೊರಕೆ ತಂದುಕೊಟ್ಟ ದಿನವಂತೂ ಕೇಳುವುದೇ ಬೇಡ, ಅದರ ಹೂವಿನ ಪುಡಿಗೆ ಉಸಿರೇ ಕಟ್ಟುತ್ತಿತ್ತು. ಮನೆಯವರಿಗೆ ಹೊಸ ಪೊರಕೆ ಕೊಟ್ಟ ಸಂಭ್ರಮ, ಇವರಿಗೆ ಪ್ರಾಣಸಂಕಟ.

ಆಸ್ಪತ್ರೆಯ ಡಾಕ್ಟರು ಧೂಳಿನ ಅಲರ್ಜಿ, ಉಬ್ಬಸ ಎಂದರು. ಬಾಯಿಗೆಳೆದುಕೊಳ್ಳುವ ಪಂಪು ಕೊಟ್ಟರು. ಏನು ಕೆಲಸ ಅಂತ ಕೇಳಿ, "ಈ ಕೆಲ್ಸ ಬಿಟ್ಬಿಡಮ್ಮ" ಎಂದೂ ಹೇಳಿದರು.

"ಬುಟ್ಟು ಏನ್ ಮಾಡ್ಲಿ? ಓದಿಲ್ಲ, ಹೊಲ ಇಲ್ಲ. ಮನೆ ಕ್ಲೀನಾಗಿ ಇಡೋದು ಒಂದು ಗೊತ್ತು. ಅದ್ರಲ್ಲಿ ನನ್ನ ಮೀರ್ಸೋರಿಲ್ಲ," ಎನ್ನುವಾಗ ಅವರ ದನಿ ಗಟ್ಟಿಯಾಗುತ್ತದೆ. "ಕೆಲ್ಸ ಬುಡಲ್ಲ, ಪೊರಕೆ ಬುಡ್ತೀನಿ ಅಂದೆ."

ಹೇಳಿದಷ್ಟು ಸುಲಭವಿರಲಿಲ್ಲ. ಗುಡಿಸದೆ ಒದ್ದೆ ಬಟ್ಟೆ ಎಳೆದರೆ ಕೂದಲು, ಕಸ ಸೇರಿ ನೆಲವೆಲ್ಲ ರಾಡಿ. ಗುಡಿಸದವಳು ಸೋಮಾರಿ ಎಂಬ ಹೆಸರು ಬಂತು. ಎರಡು ಮನೆಯವರು ನಾಳೆಯಿಂದ ಬೇಡ ಎಂದರು. ಆ ವಾರ ಅತ್ತಿದ್ದನ್ನು ನರಸಿಂಹಮ್ಮ ಮುಚ್ಚಿಡುವುದಿಲ್ಲ. ಅತ್ತು, ಗೂಳೂರಿನ ಮನೆಯ ಸಿಮೆಂಟು ನೆಲದ ಮೇಲೆ ತಾವೇ ಅಭ್ಯಾಸಕ್ಕೆ ಕೂತರು.

ಹಾಗೆ ಕಂಡುಕೊಂಡದ್ದು ಎಂಟು ಮಗ್ಗುಲಿನ ಲೆಕ್ಕ. ಹಳೇ ಪಂಚೆಯ ತುಂಡನ್ನು ಬಿಗಿಯಾಗಿ ಹಿಂಡಿ, ಮಡಚಿ, ಮತ್ತೆ ಮಡಚಿದರೆ ಒಳಗೂ ಹೊರಗೂ ಸೇರಿ ಒರೆಸಲು ಎಂಟು ಮಗ್ಗುಲು. ಗೋಡೆಯಿಂದ ಬಾಗಿಲ ಕಡೆಗೆ ಒಂದೇ ದಿಕ್ಕಿಗೆ ಎಳೆಯಬೇಕು. ಒಂದು ಮಗ್ಗುಲು ಕೊಳೆಯಾದರೆ ಇನ್ನೊಂದು. ಮೊದಲು ಫ್ಯಾನು, ಆಮೇಲೆ ಅಲಮಾರಿಯ ನೆತ್ತಿ, ಕೊನೆಗೆ ನೆಲ. ಈಗ ದಿನಕ್ಕೆ ಹತ್ತೊಂಬತ್ತು ಕೋಣೆ, ನಲವತ್ತು ತುಂಡು ಬಟ್ಟೆ. ಹಾಸಿಗೆ ಬಟ್ಟೆಗಳು ವಾರಕ್ಕೊಮ್ಮೆ ಬಿಸಿನೀರಿಗೆ, ದಿಂಬುಗಳು ಬಿಸಿಲಿಗೆ. ಕೇಳಲು ಸಣ್ಣ ವಿಷಯ, ಮಾಡಿ ನೋಡಿದರೆ ಸೊಂಟ ಹೇಳುತ್ತದೆ. ನಾನು ಒಂದು ಕೋಣೆ ಒರೆಸಿ ಸೋತೆ.

ದೊಡ್ಡ ಜಗಳ ನಡೆದದ್ದು ಈ ಅಶೋಕನಗರದ ಮನೆಯಲ್ಲೇ. ಹೈಸ್ಕೂಲ್ ಟೀಚರ್ ಶಶಿಕಲಾ ಒಪ್ಪಿದರೂ ಅವರ ಅತ್ತೆ ಮಹಾಲಕ್ಷ್ಮಮ್ಮ ಒಪ್ಪಲಿಲ್ಲ. ಬೆಳಗಾದರೆ ಸಾಲು ಸಾಲು ಸೀನುವ ಎಪ್ಪತ್ತಾರರ ಈ ಅಜ್ಜಿ, ಗುಡಿಸದ ಮನೆಯಲ್ಲಿ ದೀಪ ಹಚ್ಚುವುದಿಲ್ಲ ಎಂದು ಪಟ್ಟು ಹಿಡಿದರು. ಎರಡು ದಿನ ದೇವರು ಕತ್ತಲಲ್ಲೇ ಕೂತ. ಮೂರನೆಯ ದಿನ, ಈ ಮನೆಯೂ ಹೋದರೆ ಗತಿಯೇನು ಎಂದು ಹೆದರುತ್ತಲೇ ನರಸಿಂಹಮ್ಮ ಕೇಳಿಬಿಟ್ಟರು.

"ಅಂಗಳಕ್ಕೆ ನೀರ್ ಹಾಕ್ದೆ ಗುಡಿಸ್ತೀವಾ ಅಮ್ಮಾವ್ರೇ? ಧೂಳು ಏಳ್ತದೆ ಅಂತಲ್ವಾ ನೀರ್ ಹಾಕೋದು? ಅಂಗಳದ ಧೂಳಿಗೊಂದು ನ್ಯಾಯ, ಒಳಗಿನ ಧೂಳಿಗೊಂದು ನ್ಯಾಯನಾ?"

ಮಹಾಲಕ್ಷ್ಮಮ್ಮನನ್ನೇ ಕೇಳಿದೆ. "ಏನ್ ಹೇಳ್ಲಪ್ಪ ಅದಕ್ಕೆ? ಅರವತ್ತು ವರ್ಷ ನೀರ್ ಹಾಕಿದೀನಿ, ಯಾಕೆ ಅಂತ ಯೋಚ್ನೆನೇ ಮಾಡಿರ್ಲಿಲ್ಲ," ಎಂದು ನಗುತ್ತಾರೆ. ಅವತ್ತು ದೀಪ ಹಚ್ಚಿದರು. ಸೀನು ಪೂರ್ತಿ ಹೋಗಿಲ್ಲ, ಕಡಿಮೆಯಾಗಿದೆ. ಅದಕ್ಕಿಂತ ಹೆಚ್ಚಾಗಿ, ಬಂದುಹೋದವರ ಮುಂದೆಲ್ಲ ಈ ಅಜ್ಜಿಯೇ ಎಂಟು ಮಗ್ಗುಲಿನ ಪಾಠ ಹೇಳುತ್ತಾರೆ. ಹಾಗೆ ಬಾಯಿಂದ ಬಾಯಿಗೆ ಸುದ್ದಿ ಹರಡಿ, ಉಬ್ಬಸದವರಿರುವ ಮನೆಗಳಿಂದ ಕರೆ ಬರುತ್ತಿದೆ. ಭಾನುವಾರಗಳಲ್ಲಿ ಗುಬ್ಬಿ, ಕುಣಿಗಲ್‌ಗೂ ಹೋಗಿ ಹಾಸಿಗೆ, ಪರದೆಗಳ ಧೂಳು ತೆಗೆದುಕೊಟ್ಟು ಬರುತ್ತಾರೆ. ಅಲ್ಲಿ ಕೆಲಸದ ಹೆಣ್ಣುಮಗಳು ಸಿಕ್ಕರೆ ಮೊದಲು ಕೇಳುವ ಮಾತು, "ಕೆಮ್ಮು ಏನಾದ್ರೂ ಐತೇನವ್ವಾ?" ಮನೆಯವರ ಮೂಗನ್ನು ಎಲ್ಲರೂ ವಿಚಾರಿಸುತ್ತಾರೆ, ಕಸ ತೆಗೆಯುವವಳ ಮೂಗನ್ನು ವಿಚಾರಿಸಿದವರನ್ನು ನಾನು ನೋಡಿದ್ದು ಇವರೊಬ್ಬರನ್ನೇ.

ಪಂಪು ಇನ್ನೂ ಸೆರಗಿನ ಗಂಟಿನಲ್ಲಿದೆ, ಅದನ್ನು ಬಿಡುವಂತಿಲ್ಲ. ಕಳೆದ ತಿಂಗಳು ಆಸ್ಪತ್ರೆಯಲ್ಲಿ ಊದುವ ಕೊಳವೆ ಕೊಟ್ಟು ಊದಿಸಿದರಂತೆ. ಮುಳ್ಳು ಮೊದಲಿಗಿಂತ ಬಹಳ ಮೇಲೆ ಹೋಯಿತು. ಡಾಕ್ಟರಿಗೆ ಖುಷಿಯಾಗಿ, "ನೋಡಿದ್ಯಾ, ಕೆಲ್ಸ ಬಿಟ್ಟಿದ್ದು ಎಷ್ಟು ಒಳ್ಳೇದಾಯ್ತು" ಅಂದರಂತೆ.

"ನೀವೇನಂದ್ರಿ?" ಎಂದೆ.

ಬಕೆಟ್ಟಿನ ನೀರು ಚೆಲ್ಲಿ, ಮುಂದಿನ ಮನೆಗೆ ಹೊರಟ ನರಸಿಂಹಮ್ಮ ಮಾಸ್ಕ್ ಇಳಿಸಿ ನಕ್ಕರು.

"ಎಲ್ಲಿ ಬುಟ್ಟೆ ಸಾರ್, ಇನ್ನೂ ಎರಡು ಮನೆ ಜಾಸ್ತಿ ಮಾಡ್ತಿದೀನಿ ಅಂದೆ."