ಕರೆಂಟಿಲ್ಲದ ದಿನವೂ ದಿನವೇ?

ಬೈಲಹೊಂಗಲದಲ್ಲಿ ನಾನು ತೆಗೆಯದ ದನಿ ಇರಲಿಲ್ಲ. ಯರಗಟ್ಟಿ ಬಸ್ಸಿನ ಕಂಡಕ್ಟರ್ ಮೂಗಿನಲ್ಲಿ ಊರುಗಳ ಹೆಸರು ಕೂಗುವುದು, ಗಣಿತದ ಮಾಸ್ತರರು ತಪ್ಪು ಲೆಕ್ಕ ಕಂಡಾಗ ಕೆಮ್ಮುವುದು, ಅಪ್ಪ ಸಿಟ್ಟು ಬಂದರೆ ಮೊದಲು ಟವೆಲ್ ಝಾಡಿಸಿ ಆಮೇಲೆ ಬಾಯಿ ತೆಗೆಯುವುದು, ಎಲ್ಲ ಬರುತ್ತಿತ್ತು. ನನ್ನ ಸ್ವಂತ ದನಿ ಮಾತ್ರ ಆ ವರ್ಷ ಒಡೆದು ಅರ್ಧ ಕೋಳಿ, ಅರ್ಧ ಕೋಣ ಆಗಿತ್ತು. ಅದನ್ನು ಅಣಕಿಸುವ ಕೆಲಸವನ್ನು ಗೆಳೆಯರು ವಹಿಸಿಕೊಂಡಿದ್ದರು.

ಎರಡು ಸಾವಿರದ ಇಸವಿ ದಾಟಿ ಕೆಲವು ವರ್ಷವಾಗಿತ್ತು. ಬಜಾರದ ಓಣಿಯಲ್ಲಿ ಭಾಯಿಯ ಸೈಬರ್ ಕೆಫೆ. ಮೊದಲು ಟೇಪ್ ರೆಕಾರ್ಡರ್ ರಿಪೇರಿ ಮಾಡುತ್ತಿದ್ದ ಭಾಯಿ ಅದೇ ಅಂಗಡಿಯಲ್ಲಿ ಕಂಪ್ಯೂಟರ್ ಇಟ್ಟಿದ್ದರು. ನಾವೆಲ್ಲ ಅಲ್ಲಿ ಒಂದು ಆನ್‌ಲೈನ್ ಆಟಕ್ಕೆ ಬಿದ್ದಿದ್ದೆವು. ಅದರೊಳಗೊಂದು ರಾಜ್ಯ, ಕೋಟೆ, ಪೇಟೆ, ದೇಶದ ಮೂಲೆಮೂಲೆಯಿಂದ ಬಂದು ಆಡುವ ಜನ. ನನಗೊಬ್ಬ ಸವಾರ, ಅವನಿಗೊಂದು ಕಪ್ಪು ಕುದುರೆ. ಆ ಕುದುರೆ ಗಳಿಸಲು ಇಡೀ ಬೇಸಿಗೆ ರಜೆ ತೋಳಗಳನ್ನು ಕೊಂದಿದ್ದೆ. ಮನೆಯಲ್ಲಿ ಹಲ್ಲಿ ಕಂಡರೆ ಅವ್ವನನ್ನು ಕೂಗುವವನೂ ನಾನೇ.

ಆಡಲು ಕಾರ್ಡು ಬೇಕು. ಅದನ್ನು ಭಾಯಿ ಬೆಳಗಾವಿಯಿಂದ ತರುತ್ತಿದ್ದರು. ಒಂದು ಕಾರ್ಡಿಗೆ ಇಷ್ಟು ತಾಸು ಅಂತ ಇತ್ತು. ಆಡಿದರೆ ತಾಸು ಇಳಿಯುವುದು, ಬಿಟ್ಟರೆ ನಿಲ್ಲುವುದು. ಕರೆಂಟು ಹೋದಾಗ ನಾವು ಎದುರಿನ ಕಟ್ಟೆಯ ಮೇಲೆ ಕೂತು ಹೋಗಿಬರುವವರ ನಡಿಗೆ ಅಣಕಿಸುತ್ತಿದ್ದೆವು, ತಾಸುಗಳು ಕಾರ್ಡಿನೊಳಗೆ ಬೆಚ್ಚಗಿರುತ್ತಿದ್ದವು. ಲೋಡ್ ಶೆಡ್ಡಿಂಗ್ ಊರಿಗೆ ಇದಕ್ಕಿಂತ ನ್ಯಾಯದ ಏರ್ಪಾಡು ಬೇಕಿರಲಿಲ್ಲ.

ಒಂದು ದಿನ ಆಟ ತೆರೆದ ಕೂಡಲೇ ಪರದೆಯ ಮೇಲೆ ನೋಟೀಸು. ಮುಂದಿನ ತಿಂಗಳಿಂದ ತಾಸಿನ ಕಾರ್ಡು ಬಂದ್, ತಿಂಗಳ ಕಾರ್ಡು ಮಾತ್ರ. ಹಾಕಿದ ದಿನದಿಂದ ಮೂವತ್ತು ದಿನ, ಆಡಿದರೂ ಅಷ್ಟೇ, ಬಿಟ್ಟರೂ ಅಷ್ಟೇ. ಹಳೆಯ ತಾಸುಗಳು ರದ್ದು. ಹೊಸ ಕಾರ್ಡು ಹಾಕದಿದ್ದರೆ ಸವಾರನನ್ನು ಕುದುರೆ ಸಮೇತ ಅಳಿಸಲಾಗುವುದು.

"ಅಂದ್ರ ಕರೆಂಟ್ ಇಲ್ಲದ ದಿನಾನೂ ಎಣಸ್ತಾರೇನಲೇ?" ಅಂದ ಪಕ್ಕದ ಕುರ್ಚಿಯ ಗೆಳೆಯ. ಅವನ ಅಪ್ಪನದು ಹತ್ತಿ ವ್ಯಾಪಾರ. ತೂಕದಲ್ಲಿ ಹೊಡೆತ ಬಿದ್ದರೆ ಅವನಿಗೆ ಮೊದಲು ಗೊತ್ತಾಗುತ್ತಿತ್ತು.

"ಎಣಸ್ತಾರ," ಅಂದೆ.

"ನಮ್ಮೂರಾಗ ಕರೆಂಟ್ ಇರೂದರ ಯಾವಾಗ?"

"ಇರತೈತಿ," ಅಂದರು ಭಾಯಿ. "ನೀವು ಸಾಲ್ಯಾಗ ಇದ್ದಾಗ ಇರತೈತಿ."

ಎಸ್‌ಟಿಡಿ ಬೂತಿನಿಂದ ಕಂಪನಿಗೆ ಫೋನು ಹಚ್ಚಿದೆವು. ನಾನು ಅಪ್ಪನ ದನಿ ತೆಗೆದೆ. ಆ ಕಡೆಯ ಹುಡುಗಿ ಹಿಂದಿಯಲ್ಲಿ, ಕರೆಂಟು ನಮ್ಮ ಕೈಯಲ್ಲಿಲ್ಲ ಸರ್ ಅಂದಳು. ದಿನ ಎಣಿಸುವುದಾದರೂ ನಿಮ್ಮ ಕೈಯಲ್ಲಿದೆಯಲ್ಲ ಅನ್ನುವಷ್ಟರಲ್ಲಿ ನನ್ನ ಕೋಣ ಕೋಳಿಯಾಯಿತು. ಮನೆಯಲ್ಲಿ ದೊಡ್ಡವರು ಯಾರಾದರೂ ಇದ್ದಾರಾ ಬೇಟಾ, ಅಂತ ಕೇಳಿದಳು. ಗೆಳೆಯ ಬೂತಿನ ಗಾಜಿಗೆ ಹಣೆ ಹಚ್ಚಿ ನಗುತ್ತಿದ್ದ.

ಮನೆಯಲ್ಲಿ ದೊಡ್ಡವರು ಊಟಕ್ಕೆ ಕೂತಿದ್ದರು.

"ಮಾರಿ ಯಾಕ ಸಣ್ಣ ಮಾಡೀದಿ?" ಅಂದ ಅಪ್ಪ.

"ಗೆಳ್ಯಾಗ ಮೋಸ ಆಗೇತಿ ಅಪ್ಪಾ. ಕರಾರ ಒಂದಿತ್ತು, ನಡುವ ತಿರುವಿ ಹಾಕ್ಯಾರ."

ಕರಾರು ಅಂದರೆ ಅಪ್ಪನಿಗೆ ಲಾವಣಿ ಒಂದೇ. ಇನ್ನೊಬ್ಬರ ಹೊಲವನ್ನು ವರ್ಷಕ್ಕೆ ಇಷ್ಟೆಂದು ಮಾತಾಡಿ ಬಿತ್ತುವುದು.

"ಬೆಳಿ ನಿಂತೈತೇನು?"

ನಾನು ಕುದುರೆಯನ್ನು ನೆನೆದು, "ನಿಂತೈತಿ" ಅಂದೆ.

"ಬೆಳಿ ನಿಂತಾಗ ಕರಾರ ತಿರುವಾಕ ಬರೂದಿಲ್ಲ. ಏನಿದ್ರೂ ಯುಗಾದಿಗೆ ಮಾತಾಡ್ಬೇಕು. ನಾಕ ಮಂದೀನ ಕರಕೊಂಡ ಹೋಗಿ ಬದುವಿನ ಮ್ಯಾಲೆ ಕುಂದ್ರು ಅನ್ನು ನಿನ್ನ ಗೆಳ್ಯಾಗ. ಬೈಯೂದ ಬ್ಯಾಡ, ಬಡಿಯೂದ ಬ್ಯಾಡ. ಸುಮ್ಮನ ಕುಂದರೂದು. ಹೊಲದ ಒಡ್ಯಾಗ ನಾಚಿಕಿ ಬರತೈತಿ."

"ಯಾರ ಹೊಲಾನೋ ಏನೋ, ನಿನಗ್ಯಾಕ ಉಸಾಬರಿ," ಅನ್ನುತ್ತ ಅವ್ವ ರೊಟ್ಟಿ ಹಾಕಿದಳು. ಯಾರ ಹೊಲವೆಂದು ಹೇಳಬೇಕಾದ ಬಾಯಿಗೆ ನಾನು ಆ ರೊಟ್ಟಿ ತುರುಕಿದೆ.

ರಾಮದುರ್ಗದಲ್ಲಿ ಒಬ್ಬನಿದ್ದ. ಅವನ ಮುಖ ನಾವು ನೋಡಿರಲಿಲ್ಲ. ಆಟದಲ್ಲಿ ಇಂಗ್ಲಿಷ್ ಅಕ್ಷರಗಳಲ್ಲಿ ಅಚ್ಚ ಕನ್ನಡ ಬೈಗುಳ ಬರೆಯುವವನೆಂದಷ್ಟೇ ಪರಿಚಯ. ಅವನಿಗೆ ಬದುವಿನ ಉಪಾಯ ಹೇಳಿದೆ. ಸವದತ್ತಿ, ಕಿತ್ತೂರಿನ ಹುಡುಗರಿಗೆ ಅವನೇ ಸುದ್ದಿ ಮುಟ್ಟಿಸಿದ. ಭಾನುವಾರ ಮಧ್ಯಾಹ್ನ ನಮ್ಮ ಸವಾರರೆಲ್ಲ ಕೋಟೆಯ ಮುಂದಿನ ಸೇತುವೆಯ ಮೇಲೆ ಸಾಲಾಗಿ ಕೂತರು. ರಸ್ತಾ ರೋಕೋ.

ಆದರೆ ಆ ರಾಜ್ಯದಲ್ಲಿ ಮೈಗೆ ಮೈ ತಾಗುವುದಿಲ್ಲ ಎಂಬುದನ್ನು ನಾವು ಮರೆತಿದ್ದೆವು. ಜನ ಕುದುರೆ, ಒಂಟೆಗಳ ಸಮೇತ ನಮ್ಮ ಮೂಲಕವೇ ದಾಟಿ ಹೋಗುತ್ತಿದ್ದರು.

"ಲೇ, ನನ್ನ ಹೊಟ್ಟ್ಯಾಗ ಹಾದು ಒಂದ ಒಂಟಿ ಹೋತು," ಅಂದ ಗೆಳೆಯ.

"ಜೀರ್ಣ ಮಾಡ್ಕೊಳ್ಳೋ," ಅಂದರು ಭಾಯಿ.

ಆಗ ರಾಮದುರ್ಗದವನು ಬರೆದ. ಸೇತುವೆ ಬಿಡ್ರಿ, ಅಂಗಡಿಕಾರನ ಮೈಮ್ಯಾಲೆ ಕುಂದ್ರೂಣು. ಕೋಟೆ ಬಾಗಿಲಲ್ಲಿ ಔಷಧಿ ಮಾರುವ ಒಂದು ಗೊಂಬೆ ಇತ್ತು. ಅದರ ಮೇಲೆ ಮೌಸ್ ಒತ್ತಿದರೆ ಮಾತ್ರ ಅಂಗಡಿ ತೆರೆಯುತ್ತಿತ್ತು. ನಾವೆಲ್ಲ ಕುದುರೆ ಸಹಿತ ಆ ಗೊಂಬೆಯ ಮೇಲೆ ರಾಶಿಯಾಗಿ ಬಿದ್ದೆವು. ಯಾರ ಮೌಸಿಗೂ ಅಂಗಡಿಕಾರ ಸಿಗದಂತಾದ. ಪೇಟೆಯಲ್ಲಿ ಗಲಾಟೆ ಎದ್ದಿತು. ಕೆಲವರು ಹಿಂದಿಯಲ್ಲಿ ಬೈದರು, ಕೆಲವರು ಕಾರಣ ಕೇಳಿದರು. ಕರೆಂಟು ಹೋಗುವ ಊರು ನಮ್ಮದೊಂದೇ ಅಲ್ಲ ಎಂದು ಅವತ್ತು ತಿಳಿಯಿತು. ಕಾರಣ ಕೇಳಿದವರಲ್ಲಿ ಅರ್ಧ ಜನ ಬಂದು ಕೂತರು.

ಅಷ್ಟರಲ್ಲಿ ನಮ್ಮಲ್ಲಿ ಕರೆಂಟು ಹೋಯಿತು. ಯುಪಿಎಸ್ ಕುಯ್ಯೋ ಅನ್ನತೊಡಗಿತು. ರಾಮದುರ್ಗದವನು, ನೀವು ಹೋಗ್ರಿ, ನಮ್ಮಲ್ಲಿ ಇನ್ನೂ ಐತಿ, ನಾವು ಕುಂತಿರ್ತೀವಿ ಎಂದು ಬರೆದ. ಊರೂರಿಗೆ ಪಾಳಿಯ ಮೇಲೆ ಕರೆಂಟು ತೆಗೆಯುವವರನ್ನು ಬೈಯುತ್ತಲೇ ಬೆಳೆದ ನಾನು ಅವತ್ತು ಮನಸ್ಸಿನಲ್ಲೇ ಕೈ ಮುಗಿದೆ. ಒಂದೂರಿನವರು ಎದ್ದಾಗ ಇನ್ನೊಂದೂರಿನವರು ಕೂತಿರುತ್ತಿದ್ದರು.

ನಮಗೆ ಮತ್ತೆ ಕರೆಂಟು ಬಂದಾಗ ಕಂಪನಿಯವನು ಬಂದಿದ್ದ. ಬಿಳಿ ನಿಲುವಂಗಿ, ಕಾಲು ನೆಲಕ್ಕೆ ತಾಗುತ್ತಿರಲಿಲ್ಲ. ಏನು ತೊಂದರೆ ಎಂದು ಇಂಗ್ಲಿಷಿನಲ್ಲಿ ಕೇಳಿದ. ನಮ್ಮೊಳಗಿನ ಇಂಗ್ಲಿಷ್ ಪಂಡಿತನಾದ ಗೆಳೆಯ ಬಹಳ ಯೋಚಿಸಿ ಟೈಪ್ ಮಾಡಿದ: "ನೋ ಕರೆಂಟ್. ವೈ ಕೌಂಟ್ ಡೇ?"

ಬಿಳಿಯಂಗಿಯವನು ನನಗೊಬ್ಬನಿಗೇ ಕಾಣುವಂತೆ ಒಂದು ಸಂದೇಶ ಕಳಿಸಿದ. ನೀನೇ ಮುಂದಾಳು ಅಂತ ಕಾಣುತ್ತದೆ. ಇವರನ್ನು ಎಬ್ಬಿಸು, ನಿನಗೆ ಒಂದು ವರ್ಷ ಪುಕ್ಕಟೆ.

ಗೆಳೆಯ ಬಗ್ಗಿ ಓದಿದ.

"ನಿನಗೊಬ್ಬಗ?"

"ನನಗೊಬ್ಬಗ."

ಅವನು ತನ್ನ ಪರದೆಯ ಕಡೆ ತಿರುಗಿದ. ಭಾಯಿ ಫ್ಯಾನು ನೋಡುತ್ತಿದ್ದರು. ನಿಜ ಹೇಳಬೇಕೆಂದರೆ ಆ ಗಳಿಗೆಯಲ್ಲಿ ಇವರೆಲ್ಲರಿಗಿಂತ ನನಗೆ ಕುದುರೆಯೇ ಹೆಚ್ಚು ಬೇಕಾಗಿತ್ತು. ಒಂದು ವರ್ಷ. ಕರೆಂಟು ಹೋದರೂ ಹೋಗದ ವರ್ಷ. ಹೂಂ ಅಂದಿದ್ದರೆ ರಾಮದುರ್ಗದವನಿಗೆ ಗೊತ್ತೂ ಆಗುತ್ತಿರಲಿಲ್ಲ.

ಆ ಸಂದೇಶವನ್ನು ಹಾಗೇ ನಕಲು ಮಾಡಿ ಇಡೀ ಪೇಟೆಗೆ ಕಾಣುವಲ್ಲಿ ಹಾಕಿದೆ. ಕೆಳಗೆ, ಇವರು ನನಗೊಬ್ಬನಿಗೆ ವರ್ಷ ಕೊಡುತ್ತಾರಂತೆ, ಉಳಿದವರಿಗೆ ಏನು ಕೊಡುತ್ತಾರೆ ಕೇಳಿ ಹೇಳುತ್ತೇನೆ, ಎಂದು ಬರೆದೆ. ಬರೆಯುತ್ತ ಕೆಫೆಯವರಿಗೆ ಕೇಳುವಂತೆ ಕಂಡಕ್ಟರ್ ದನಿಯಲ್ಲಿ ಓದಿದೆ. ಅಲ್ಲಿಯವರೆಗೆ ನಿಂತು ಬೈಯುತ್ತಿದ್ದವರೂ ಕೂತರು. ಬಿಳಿಯಂಗಿಯವನು ಕಾಣೆಯಾದ.

ನಿಯಮ ಮಾತ್ರ ಬದಲಾಗಲಿಲ್ಲ. ತಿಂಗಳು ಮುಗಿಯುತ್ತಿದ್ದಂತೆ ಸವದತ್ತಿಯ ಹುಡುಗರು ಹೊಸ ಕಾರ್ಡು ಹಾಕಿದರು. ಗೆಳೆಯನೂ ಹಾಕಿದ. ನನಗೆ ಹೇಳುವಾಗ ಕಾರ್ಡನ್ನು ಬೆನ್ನ ಹಿಂದೆ ಹಿಡಿದಿದ್ದ.

"ಸಿಟ್ಟಾಗಬ್ಯಾಡಲೇ. ನನ್ನ ಕಡೆ ಆಗಲಿಲ್ಲ."

"ನಿನ್ನ ಕುದುರಿ, ನಿನ್ನ ಕಾರ್ಡು. ನಾ ಯಾಕ ಸಿಟ್ಟಾಗ್ಲಿ," ಅಂದೆ. ಸಿಟ್ಟು ಬಂದಿತ್ತು.

"ನೀನೂ ಒಂದ ತಗೋ ತಮ್ಮಾ," ಅಂದರು ಭಾಯಿ. "ನನ್ನ ಕಡಿಯಿಂದ."

"ಬ್ಯಾಡ ಭಾಯಿ. ನಿಮ್ಮ ರೊಕ್ಕಾನೂ ಅವರಿಗೇ ಹೋಗತೈತಿ."

ಹಳೆಯ ತಾಸುಗಳ ಕೊನೆಯ ಮಧ್ಯಾಹ್ನ ಸವಾರನನ್ನು ಅಂಗಡಿಕಾರನ ಮೇಲೆ ಕೂರಿಸಿ ಕೈ ಕಟ್ಟಿಕೊಂಡೆ. ಸ್ವಲ್ಪ ಹೊತ್ತಿಗೆ ಪರದೆ ನನ್ನನ್ನು ಹೊರಗೆ ಹಾಕಿತು. ಗೆಳೆಯ ಮಾತ್ರ ಇನ್ನೂ ಒಳಗಿದ್ದ.

"ನನ್ನ ಸವಾರ ಕಾಣಸ್ತಾನೇನು?"

"ಕಾಣಸ್ತಾನ... ಈಗ ಇಲ್ಲ."

"ಎದ್ದು ಹೋದನೇನು?"

"ಇಲ್ಲಲೇ. ಕುಂತಲ್ಲೇ ಮಾಯ ಆದ."

"ಹಂಗಾರ ಸೈ," ಅಂದೆ. ಕುರ್ಚಿಯನ್ನು ಬೇರೆಯವರಿಗೆ ಕೊಡಿರೆಂದು ಭಾಯಿಗೆ ಹೇಳಿ ಹೊರಗೆ ಬಂದೆ.