ಮಾತಾಡದ ಜೋಡಿಗೆ ಸರ್ವರ್ ಪಾಠ

ಅವರಿಬ್ಬರನ್ನು ಒಂದೇ ಮೇಜಿಗೆ ಕೂರಿಸಿದವಳು ನಾನೇ. ಆಗ ನನಗೆ ಏನೂ ಗೊತ್ತಿರಲಿಲ್ಲ.

ಚಿತ್ರದುರ್ಗದಲ್ಲಿ ಕೊಬ್ಬರಿ ಕೊಳ್ಳುವ ಒಂದು ಸಹಕಾರ ಸಂಘವಿದೆ. ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಗಳಲ್ಲಿ ಅದರ ಶಾಖೆಗಳು. ರೈತರು ತಂದ ಕೊಬ್ಬರಿಯ ತೂಕ, ದರ್ಜೆ, ಚೀಲ ಎಲ್ಲವೂ ಒಂದೇ ಅಪ್ಲಿಕೇಶನ್‌ಗೆ ಹೋಗಬೇಕು. ಆ ಅಪ್ಲಿಕೇಶನ್ ಓಡುತ್ತಿದ್ದ ಒಂಟಿ ಸರ್ವರ್ ಚಿತ್ರದುರ್ಗದ ಕಚೇರಿಯಲ್ಲಿತ್ತು. ಖರೀದಿ ಜೋರಾದ ದಿನಗಳಲ್ಲಿ ನಾಲ್ಕೂ ಕಡೆಯಿಂದ ಒಟ್ಟಿಗೆ ಕೆಲಸ ಬಿದ್ದರೆ ಅದು ನಿಂತುಬಿಡುತ್ತಿತ್ತು. ಚೀಲಗಳ ಮೇಲೆ ಕುಳಿತ ರೈತರು ಗುಮಾಸ್ತರ ಮುಖ ನೋಡುವುದು, ಗುಮಾಸ್ತರು ಕಂಪ್ಯೂಟರಿನ ಮುಖ ನೋಡುವುದು, ಅಷ್ಟೇ.

ನಾನು ಬಹಳ ವರ್ಷ ಸರ್ವರ್‌ಗಳನ್ನು ನೋಡಿಕೊಳ್ಳುವ ಕೆಲಸ ಮಾಡಿ, ಆಮೇಲೆ ಅದನ್ನೇ ಕಲಿಸುವುದಕ್ಕೆ ಇಳಿದವಳು. ಸಂಘದ ಕಾರ್ಯದರ್ಶಿ ಫೋನ್ ಮಾಡಿ, "ಮೇಡಂ, ಇದಕ್ಕಿಂತ ದೊಡ್ಡ ಮಿಷನ್ ಯಾವುದೈತೆ ಹೇಳ್ರಿ, ತರಿಸಿಬಿಡಾಣ" ಎಂದರು.

"ಮಿಷನ್ ಆಮೇಲೆ ತರಿಸೋಣ ಸರ್. ಮೊದಲು ನಿಮ್ಮ ನಾಲ್ಕೂ ಕಚೇರಿಗಳಲ್ಲಿ ಕಂಪ್ಯೂಟರ್ ನೋಡಿಕೊಳ್ಳೋರನ್ನ ನನ್ನ ಹತ್ತಿರ ಕಳಿಸಿ. ಏನು ಬೇಕು ಅಂತ ಅವರೇ ಹೇಳಲಿ" ಎಂದೆ. ಅವರಿಗೆ ಅರ್ಧ ನಂಬಿಕೆ, ಅರ್ಧ ಅನುಮಾನ. ಆದರೂ ಕಳಿಸಿದರು.

ಹೀಗೆ ಕೊಬ್ಬರಿ ಗೋದಾಮಿನ ಮೇಲಿನ ಒಂದು ಹಾಲ್‌ನಲ್ಲಿ ನಮ್ಮ ತರಗತಿ ಶುರುವಾಯಿತು. ಎಣ್ಣೆಯ ವಾಸನೆ ಮೆಟ್ಟಿಲು ಹತ್ತಿ ಮೇಲಕ್ಕೂ ಬರುತ್ತಿತ್ತು. ಬಂದವರು ನಾಲ್ವರು. ಹೊಳಲ್ಕೆರೆಯಿಂದ ನಿವೃತ್ತಿಗೆ ಹತ್ತಿರವಾದ ಹಿರಿಯರು. ಬಾಯಿ ತುಂಬ ಮಾತು, ಜೇಬು ತುಂಬ ಹುರಿಗಡಲೆ. ದುರ್ಗದ, ಅಂದರೆ ಚಿತ್ರದುರ್ಗದ, ಕಚೇರಿಯಿಂದ ಒಬ್ಬ ಯುವಕ. ಮೊದಲ ಮಗು ಹುಟ್ಟಿ ಸ್ವಲ್ಪ ದಿನವಾಗಿತ್ತು, ಕುಳಿತಲ್ಲೇ ತೂಕಡಿಸುತ್ತಿದ್ದ. ಹಿರಿಯೂರಿನಿಂದ ಇನ್ನೊಬ್ಬ, ಇಸ್ತ್ರಿ ಅಂಗಿ, ಎಲ್ಲದಕ್ಕೂ ಮೊದಲೇ ಉತ್ತರ. ಹೊಸದುರ್ಗದ ಶಾಖೆಯಿಂದ ಒಬ್ಬ ಹುಡುಗಿ. ಮಾಡದಕೆರೆಯವಳು, ದಿನಾ ಬಸ್ಸು ಬದಲಾಯಿಸಿ ಬರುತ್ತಿದ್ದಳು, ಆದರೂ ಎಲ್ಲರಿಗಿಂತ ಮೊದಲೇ ಬಂದು ಕಿಟಕಿ ತೆರೆಯುತ್ತಿದ್ದಳು.

ಪ್ರಿಂಟರಿಗೆ ಇಂಕು ತುಂಬುವುದು, ಮರೆತ ಪಾಸ್‌ವರ್ಡ್ ಬದಲಿಸುವುದು, ನೆಟ್ ಹೋದರೆ ಫೋನ್ ಮಾಡುವುದು, ಇಷ್ಟೇ ಅವರ ಕೆಲಸವಾಗಿತ್ತು. ಈಗ ಇಡೀ ವ್ಯವಸ್ಥೆಯನ್ನು ಅವರೇ ಕಾಗದದ ಮೇಲೆ ಬರೆಯಬೇಕು: ಅಪ್ಲಿಕೇಶನ್ ಎಲ್ಲಿ ಓಡಬೇಕು, ಮಾಹಿತಿ ಎಲ್ಲಿ ಕೂತಿರಬೇಕು, ಒಮ್ಮೆಗೆ ಎಷ್ಟು ಜನರ ಭಾರ ತಾಳಬೇಕು, ಒಂದು ನಿಂತರೆ ಇನ್ನೊಂದು ಹೇಗೆ ಎದ್ದು ನಿಲ್ಲಬೇಕು. ಹೊಳಲ್ಕೆರೆಯವರಿಗೂ ದುರ್ಗದವನಿಗೂ ಭಾರದ ಲೆಕ್ಕ ಕೊಟ್ಟೆ. ಹಿರಿಯೂರಿನವನಿಗೂ ಹೊಸದುರ್ಗದವಳಿಗೂ ಸರ್ವರ್ ನಿಂತರೆ ಏನು ಮಾಡಬೇಕು ಎಂಬ ಭಾಗ ಕೊಟ್ಟು, ಒಂದೇ ಮೇಜು ತೋರಿಸಿದೆ.

ಇಬ್ಬರೂ ಕುಳಿತರು. ಆದರೆ ಅವನು ಕಿಟಕಿಯ ಕಡೆ ತಿರುಗಿದ, ಅವಳು ಬಾಗಿಲಿನ ಕಡೆ.

ಸ್ವಲ್ಪ ಹೊತ್ತಿನ ಮೇಲೆ ಅವನು ಕೈ ಎತ್ತಿದ. "ಮೇಡಂ, ಅವರಿಗೆ ಹೇಳ್ರಿ, ಬ್ಯಾಕಪ್ ಹಿರಿಯೂರಲ್ಲೇ ಇರ್ಲಿ ಅಂತ."

"ಅವರಿಗೇ ಹೇಳ್ರಿ ಮೇಡಂ, ಹೈವೇ ಪಕ್ಕ ದಿನಾ ಅಗೀತಾರೆ, ಫೈಬರ್ ಕತ್ತರಿಸಿ ಹೋಗ್ತದೆ ಅಂತ" ಎಂದಳು ಅವಳು.

ಅವರ ನಡುವೆ ಒಂದು ಗೇಣು ಜಾಗವಿತ್ತು. ನಾನು ಹಾಲ್‌ನ ಆ ಕೊನೆಯಲ್ಲಿ ನಿಂತಿದ್ದೆ. ಒಬ್ಬರ ಮಾತು ನನ್ನವರೆಗೆ ಬಂದು, ನನ್ನಿಂದ ಇನ್ನೊಬ್ಬರಿಗೆ ಹೋಗಬೇಕು. ಹೊಸ ಪರಿಚಯ, ಸಂಕೋಚ ಎಂದುಕೊಂಡೆ. ಒಟ್ಟಿಗೆ ಕೆಲಸ ಮಾಡುವವರು ಮನಬಿಚ್ಚಿ ಮಾತಾಡಬೇಕು ಎಂದು ಉದ್ದದ ಪಾಠವನ್ನೂ ಹೇಳಿದೆ. ಹೊಳಲ್ಕೆರೆಯ ಹಿರಿಯರು ಟವೆಲ್ಲಿನಲ್ಲಿ ಬಾಯಿ ಮುಚ್ಚಿಕೊಂಡು ಕೆಮ್ಮಿದರು. ಅದು ಕೆಮ್ಮಲ್ಲ, ನಗು ಎಂದು ನನಗೆ ತಿಳಿದದ್ದು ಚಹಾದ ಹೊತ್ತಿಗೆ.

"ಮೇಡಂ, ನಿಮಗೆ ಗೊತ್ತಿಲ್ವ?" ಎಂದು ಅವರು ನನ್ನನ್ನು ಮೆಟ್ಟಿಲ ಹತ್ತಿರ ಕರೆದರು. "ಹಿಂದೆ ಈ ಹುಡುಗ ಆಯಮ್ಮನ್ನ ನೋಡಾಕೆ ಮಾಡದಕೆರೆಗೆ ಹೋಗಿದ್ದ. ಉಪ್ಪಿಟ್ಟು, ಕೇಸರಿಬಾತು ಎಲ್ಲಾ ಆಗೈತೆ. ಮದ್ವೆ ಆದ್ಮೇಲೆ ಕೆಲ್ಸ ಬಿಡ್ತೀರಾ ಅಂತ ಕೇಳಿದ್ನಂತೆ. ಆಯಮ್ಮ ಬಿಡಲ್ಲ ಅಂತು. ಅಲ್ಲಿಗೇ ಮುಗೀತು. ಇಡೀ ಸಂಘಕ್ಕೇ ಗೊತ್ತೈತೆ ಇದು."

ಜಿಲ್ಲೆಯಲ್ಲಿ ಇರುವವರೆಲ್ಲರ ನಡುವೆ ಈ ಇಬ್ಬರನ್ನೇ ಹುಡುಕಿ ಜೋಡಿ ಮಾಡಿದ್ದೆನಲ್ಲ! ಊಟದ ಬಿಡುವಿನಲ್ಲಿ ಅವಳನ್ನು ಕರೆದು, ಬೇಕಾದರೆ ಮೇಜು ಬದಲಿಸುತ್ತೇನೆ ಎಂದೆ.

"ಬ್ಯಾಡ ಮೇಡಂ. ಈಗ ಬದ್ಲಾಯಿಸಿದ್ರೆ ನಾನೇ ಹೆದರಿ ಎದ್ದುಹೋದೆ ಅಂತಾರೆ" ಎಂದಳು.

ಅವನನ್ನು ಕೇಳಿದೆ. "ಬ್ಯಾಡ ಮೇಡಂ, ನನಗೇನು ತೊಂದ್ರೆ ಇಲ್ಲ" ಎಂದ. ಕಿವಿ ಮಾತ್ರ ಕೆಂಪಾಗಿತ್ತು.

ಹಾಗಾಗಿ ಜೋಡಿ ಹಾಗೆಯೇ ಉಳಿಯಿತು. ಅವರ ನಡುವಿನ ತಂತಿಯಾಗಿ ನಾನು ಓಡಾಡುತ್ತಲೇ ಇದ್ದೆ. ಒಂದು ಮಧ್ಯಾಹ್ನ ಆ ತಂತಿ ಬೇಕಾಗಲಿಲ್ಲ. ಅವನು ಬೋರ್ಡಿನ ಮೇಲೆ ಒಂದು ದೊಡ್ಡ ಚೌಕ ಬರೆದು ಹೇಳಿದ: "ಮೇಡಂ, ಒಂದೇ ದೊಡ್ಡ ಸರ್ವರ್ ಇಟ್ಟು, ಒಳ್ಳೆ ಯುಪಿಎಸ್ ಕೊಟ್ರೆ ಸಾಕು. ಎರಡು ಕಡೆ ಇಟ್ರೆ ಎರಡು ಸಂಸಾರ ನೋಡ್ಕಂಡಂಗೆ."

ಅವಳು ನೇರವಾಗಿ ಅವನ ಕಡೆಗೇ ತಿರುಗಿದಳು. "ಒಂದನ್ನೇ ನಂಬ್ಕಂಡು ಕುಂತ್ರೆ ಅದು ನಿಂತ ದಿನ ಏನ್ರಿ ಗತಿ? ಅದಕ್ಕೇ ಅವತ್ತೂ ನಾನು ಕೆಲ್ಸ ಬಿಡಲ್ಲ ಅಂದಿದ್ದು."

ತೂಕಡಿಸುತ್ತಿದ್ದ ದುರ್ಗದವನೂ ಎಚ್ಚರವಾದ. ಅವನು ಮಾರ್ಕರ್ ಪೆನ್ನಿನ ಮುಚ್ಚಳ ತೆಗೆದು ಹಾಕಿ, ತೆಗೆದು ಹಾಕಿ ಮಾಡಿದ.

"ಮನೇಲಿ ಕೇಳು ಅಂದಿದ್ರು, ಕೇಳಿದೆ" ಎಂದ. "ಅವತ್ತು ನನಗೂ ಅದು ಸರಿ ಅಂತಾನೇ ಅನಿಸಿತ್ತು." ಮತ್ತೆ ಹೇಳಿದ: "ನೀವು ಬಿಡಲ್ಲ ಅಂದಿದ್ದು ಒಳ್ಳೇದೇ ಆತು ಬಿಡ್ರಿ. ಇಲ್ಲಾಂದ್ರೆ ಹೊಸದುರ್ಗದ ಶಾಖೆ ಕೆಲ್ಸಾನೂ ನನ್ನ ತಲೆಗೇ ಕಟ್ತಿದ್ರು."

ಮೊದಲು ನಕ್ಕವರು ಹಿರಿಯರು. ಆಮೇಲೆ ಅವಳು. ಅವನು ಚೌಕ ಅಳಿಸಿ, ಎರಡು ಚಿಕ್ಕ ಚೌಕ ಬರೆದು, ಪೆನ್ನನ್ನು ಅವಳ ಕೈಗೆ ಕೊಟ್ಟ. ಎರಡರ ನಡುವಿನ ಗೆರೆಯನ್ನು ಅವಳು ಎಳೆದಳು.

ಎರಡನೆಯ ಸರ್ವರ್ ಇಡುವುದಕ್ಕೆ ಹಿರಿಯೂರಿನ ಶಾಖೆ ಸರಿಯೇ ಎಂದು ನೋಡಲು ನಾವೆಲ್ಲ ಒಂದು ದಿನ ಬಸ್ಸು ಹತ್ತಿದೆವು. ಕೋಣೆ ಚೆನ್ನಾಗಿತ್ತು, ಕರೆಂಟು ಪರವಾಗಿಲ್ಲ. ಅಗೆತದ ಬಗ್ಗೆ ಅವಳು ಹೇಳಿದ್ದೂ ನಿಜವಾಗಿತ್ತು. ರಸ್ತೆಯ ಬದಿಯಲ್ಲಿ ಜೆಸಿಬಿ ನಮ್ಮ ಕಣ್ಣೆದುರೇ ಮಣ್ಣು ಮೊಗೆಯುತ್ತಿತ್ತು. ಹಾಗಾದರೆ ಊರ ಒಳಗಿನ ದಾರಿಯಿಂದ ಇನ್ನೊಂದು ಲೈನ್ ತರಬೇಕು ಎಂದು ಇಬ್ಬರೂ ಒಪ್ಪಿದರು. ಅಷ್ಟರಲ್ಲಿ ಅವನ ಫೋನ್ ಬಡಿದುಕೊಂಡಿತು. ಮಾತಾಡಿ ಮುಗಿಸಿ, ನೆಲ ನೋಡುತ್ತಾ ಹೇಳಿದ: "ಅವ್ವ ಎಲ್ಲರಿಗೂ ಅಡಿಗೆ ಮಾಡೈತಂತೆ. ಮೇಡಮ್ಮೋರನ್ನ ಕರ್ಕಂಡು ಬಾ ಅಂತು."

ನಾನು ಹುಡುಗಿಯ ಮುಖ ನೋಡಿದೆ. ಯಾವ ಮನೆಗೆ ಸೊಸೆಯಾಗಿ ಬರುವುದಿಲ್ಲ ಎಂದಿದ್ದಳೋ ಆ ಮನೆ. ಹೋಟೆಲ್ಲಿನಲ್ಲೇ ಊಟ ಮಾಡೋಣ ಎಂದು ಹೇಳಲು ಬಾಯಿ ತೆರೆದೆ. ಅವಳೇ ಚಪ್ಪಲಿ ಮೆಟ್ಟಿಕೊಂಡು ಹೊರಟಳು. "ಹೋಗಾಣ ಬರ್ರಿ ಮೇಡಂ. ಹೊಟ್ಟೆ ಹಸ್ದೈತೆ."

ಅವನ ತಾಯಿ ಬಾಗಿಲಲ್ಲೇ ನಿಂತಿದ್ದರು. ಗಟ್ಟಿಮುಟ್ಟಾದ ಹೆಂಗಸು, ಸೊಂಟಕ್ಕೆ ಸಿಕ್ಕಿಸಿದ ಸೆರಗು. "ಬರ್ರಿ ಮೇಡಮ್ಮೋರೆ, ಕುಂತ್ಕಳ್ರಿ" ಎನ್ನುತ್ತಾ ಎಲ್ಲರ ಕೈಗೂ ನೀರು ಕೊಟ್ಟು ಬಂದವರು ಅವಳ ಮುಂದೆ ನಿಂತರು. ಚೊಂಬು ಕೈಯಲ್ಲೇ ಉಳಿಯಿತು.

"ನೀನು ಮಾಡದಕೆರೆ ಹುಡುಗಿ ಅಲ್ವೇನವ್ವ?"

"ಹೂನಮ್ಮ, ಅವಳೇ" ಎಂದಳು.

ಮಗ ಅಡಿಗೆಮನೆಗೆ ಹೋದವನು ಹೊರಗೆ ಬರಲಿಲ್ಲ. ತಾಯಿ ಒಂದು ಗಳಿಗೆ ಅವಳನ್ನು ಅಡಿಯಿಂದ ಮುಡಿವರೆಗೆ ನೋಡಿದರು. ಅವರು ಚೊಂಬು ಅವಳ ಕೈಗಿಟ್ಟು, ಒಳಗೆ ಹೋಗಿ, ಎಲ್ಲರಿಗೂ ಬಡಿಸಿದ್ದಕ್ಕಿಂತ ದೊಡ್ಡ ರಾಗಿಮುದ್ದೆಯನ್ನು ತಂದು ಅವಳ ತಟ್ಟೆಗೆ ಹಾಕಿದರು.

"ಅಯ್ಯೋ, ಇಷ್ಟು ಬ್ಯಾಡಮ್ಮ."

"ನಮ್ಮನೆಗೆ ಬ್ಯಾಡ ಅಂದೆ, ಸರಿ. ಮುದ್ದೆಗಾದ್ರೂ ಹೂಂ ಅನ್ನವ್ವ."

ಹಿರಿಯರಿಗೆ ಸಾರು ನೆತ್ತಿಗೇರಿತು. ಹುಡುಗಿ ನಗುತ್ತಲೇ ಮುದ್ದೆ ಮುರಿದಳು. ಆಮೇಲೆ ಆ ತಾಯಿ ಅವಳ ಪಕ್ಕದಲ್ಲೇ ಕುಳಿತು ವಿಚಾರಿಸಿದರು: "ಅದೇನವ್ವ ಅಂಥ ಬಿಡಕ್ಕಾಗದ ಕೆಲ್ಸ? ನಮ್ಮ ಹುಡುಗ ಬರೀ ಕಂಪ್ಯೂಟರ್ ಅಂತಾನೆ, ಬಿಡಿಸಿ ಹೇಳಲ್ಲ."

ಅವಳು ಹೇಳಿದಳು. ಕೊಬ್ಬರಿ ತೂಗಿದ ಲೆಕ್ಕ ದುರ್ಗದ ಒಂದು ಯಂತ್ರಕ್ಕೆ ಹೋಗುತ್ತದೆ. ಅದೇ ಲೆಕ್ಕದ ಇನ್ನೊಂದು ಪ್ರತಿ ಆಗಿಂದಾಗಲೇ ಹಿರಿಯೂರಿಗೂ ಬರುವ ಹಾಗೆ ಮಾಡುತ್ತಿದ್ದೇವೆ. ಅದು ನಿಂತರೆ ಇದು ಎದ್ದು ಕೆಲಸ ಮುಂದುವರಿಸಬೇಕು, ಚೀಲ ಇಟ್ಟುಕೊಂಡು ಕುಳಿತ ರೈತನಿಗೆ ಗೊತ್ತೂ ಆಗಬಾರದು. ಎರಡು ತಿಂಗಳ ಪಾಠವನ್ನು ನಾನು ಇಷ್ಟು ಸಲೀಸಾಗಿ ಎಂದೂ ಹೇಳಿರಲಿಲ್ಲ. ತಾಯಿ ಗಮನವಿಟ್ಟು ಕೇಳಿ, "ಅಂಗಾರೆ ಬಿಡಬ್ಯಾಡ ಬಿಡು" ಎಂದರು. ಅಡಿಗೆಮನೆಯಿಂದ ಮಗ ಮಜ್ಜಿಗೆ ಹಿಡಿದುಕೊಂಡು ಹೊರಗೆ ಬಂದ.

ಆ ಸಂಜೆ ಹೇಗೂ ಬಂದಿದ್ದೇವೆಂದು ಮಾರಿಕಣಿವೆಯ ಅಣೆಕಟ್ಟೆಗೂ ಹೋದೆವು. ನೀರು ತುಂಬಿತ್ತು. ಹಿರಿಯರು ಎಲ್ಲರಿಗೂ ಮಂಡಕ್ಕಿ ಕೊಡಿಸಿದರು. ಕಟ್ಟೆಯ ಮೇಲೆ ಅವರಿಬ್ಬರೂ ನಮಗಿಂತ ಮುಂದೆ, ಯುಪಿಎಸ್ ಬ್ಯಾಟರಿಯ ವಿಷಯಕ್ಕೆ ಜಗಳವಾಡುತ್ತಾ ನಡೆಯುತ್ತಿದ್ದರು. ನನ್ನನ್ನು ಯಾರೂ ನಡುವೆ ಕರೆಯಲಿಲ್ಲ.

ಯಂತ್ರಗಳು ಬಂದವು, ಕೂತವು. ಪರೀಕ್ಷೆಯ ದಿನ ಕಾರ್ಯದರ್ಶಿಗಳ ಮುಂದೆಯೇ ದುರ್ಗದ ಸರ್ವರಿನ ಪ್ಲಗ್ ಕೀಳಬೇಕೆಂದು ನಾನು ಹಟ ಹಿಡಿದಿದ್ದೆ. ನಾಲ್ವರೂ ತಮ್ಮ ತಮ್ಮ ಶಾಖೆಯಲ್ಲಿ, ಎಲ್ಲರೂ ಒಂದೇ ಫೋನ್ ಕರೆಯಲ್ಲಿ. ದುರ್ಗದ ಯುವಕ ಕಣ್ಣು ಮುಚ್ಚಿಕೊಂಡು ಪ್ಲಗ್ ಕಿತ್ತ. ಹಿರಿಯೂರಿನ ಸರ್ವರ್ ಎದ್ದಿತು. ಹೊಸದುರ್ಗದಲ್ಲಿ ಕೆಲಸ ನಡೆಯಿತು. ಹೊಳಲ್ಕೆರೆಯಿಂದ ಮಾತ್ರ ಹಿರಿಯರ ದನಿ ಬಂತು: "ಇಲ್ಲಿ ಎಲ್ಲಾ ನಿಂತೋತು ಮೇಡಂ!"

ಕಾರ್ಯದರ್ಶಿಗಳು ನನ್ನತ್ತ ನೋಡಿದರು. ಆದರೆ ನಾನು ಏನಾದರೂ ಹೇಳುವ ಮೊದಲೇ ಫೋನಿನಲ್ಲಿ ಆ ಇಬ್ಬರು ಶುರುಮಾಡಿದ್ದರು.

"ತಪ್ಪು ನಂದು ರೀ, ಹೊಳಲ್ಕೆರೆದು ಕೇಳಿ ತಿಳ್ಕಬೇಕಿತ್ತು" ಎಂದು ಅವನು.

"ಇಲ್ಲ ರೀ, ಆ ಶಾಖೆ ನೋಡ್ತೀನಿ ಅಂತ ಒಪ್ಪಿದ್ದು ನಾನು. ಸರ್, ನಿಮ್ಮ ಕಂಪ್ಯೂಟರಲ್ಲಿ ಸರ್ವರಿನ ಹೆಸ್ರೈತೋ, ನಂಬರೈತೋ ನೋಡ್ರಿ" ಎಂದು ಅವಳು ಹಿರಿಯರಿಗೆ.

"ನಂಬರೈತಲ್ಲವ್ವ. ಹಿಂದೆ ನಾನೇ ಹಾಕಿದ್ದು."

"ಆ ನಂಬರ್ ದುರ್ಗದ ಯಂತ್ರದ್ದು. ಅದು ಮಲಗೈತೆ. ಹೆಸರು ಹಾಕ್ರಿ. ಹೆಸರನ್ನ ಯಾವ ಕಡೆಗೆ ಬೇಕಾದ್ರೂ ತಿರುಗಿಸಬೋದು."

"ಹೆಸರನ್ನ ಈ ಕಡೆಗೆ ನಾನು ಆಗ್ಲೇ ತಿರುಗಿಸಿದೀನಿ, ನೀವು ನೋಡ್ರಿ" ಎಂದ ಅವನು. ಚಹಾ ತಣ್ಣಗಾಗುವ ಮೊದಲೇ ಹೊಳಲ್ಕೆರೆಯೂ ಎದ್ದಿತು.

ಕೆಲವು ದಿನ ಬಿಟ್ಟು ಮತ್ತೆ ಪರೀಕ್ಷೆ ಇಟ್ಟೆವು, ಈ ಸಲ ಖರೀದಿ ನಡೆಯುತ್ತಿರುವಾಗಲೇ. ಕಾರ್ಯದರ್ಶಿಗಳು ಕುರ್ಚಿ ಎಳೆದುಕೊಂಡು ಕುಳಿತು, ಮುಖ ಬಿಗಿದುಕೊಂಡು ಕಾದರು. ಬಹಳ ಹೊತ್ತಾದ ಮೇಲೆ, "ಯಾವಾಗ ಆಫ್ ಮಾಡ್ತೀರಿ ಮೇಡಂ?" ಎಂದರು.

"ಆಗಲೇ ಮಾಡಿದೆವು ಸರ್. ನೀವು ಕಾಫಿ ಕುಡೀತಾ ಇದ್ದಾಗ."

ಅವರು ಕೆಳಗೆ ಗೋದಾಮಿನತ್ತ ನೋಡಿದರು. ತಕ್ಕಡಿಗೆ ಚೀಲಗಳು ಒಂದರ ಹಿಂದೊಂದು ಏರಿ ಇಳಿಯುತ್ತಿದ್ದವು. ಅವರು ಇನ್ನೊಂದು ಕಾಫಿ ತರಿಸಿದರು, ಈ ಸಲ ಎಲ್ಲರಿಗೂ.

ಈ ಕತೆ ಹೇಳಿದಾಗಲೆಲ್ಲ ಕೇಳುವವರು ಕೊನೆಗೆ ಅವರಿಬ್ಬರೂ ಮದುವೆಯಾದರಾ ಎನ್ನುತ್ತಾರೆ. ಇಲ್ಲ. ಅವನು ಹಿರಿಯೂರಿನ ಒಬ್ಬ ನರ್ಸನ್ನು ಮದುವೆಯಾದ. ಆಕೆಯ ಪಾಳಿ ಮುಗಿಯುವ ಹೊತ್ತಿಗೆ ಆಸ್ಪತ್ರೆಯ ಗೇಟಿನ ಮುಂದೆ ಬೈಕು ನಿಲ್ಲಿಸಿಕೊಂಡು ಕಾಯುತ್ತಾನಂತೆ. ಮದುವೆಗೆ ನಾವೆಲ್ಲ ಹೋಗಿದ್ದೆವು. ಮಾಡದಕೆರೆಯ ಹುಡುಗಿ ಬೆಳಿಗ್ಗೆಯೇ ಬಂದು ಹೆಣ್ಣಿನ ಕಡೆಯವರಿಗೆ ತಿಂಡಿ ಹಂಚುತ್ತಿದ್ದಳು. ಅವಳಿಗೆ ಸದ್ಯಕ್ಕೆ ಮದುವೆಯ ಅವಸರವಿಲ್ಲ. ಮನೆಯವರೂ ಈಗೀಗ ಒತ್ತಾಯ ಮಾಡುವುದಿಲ್ಲ.

ಹೋದ ವರ್ಷ ಬೇರೆ ಸಂಘಗಳವರು ತಮ್ಮ ಹುಡುಗರಿಗೂ ಕಲಿಸಿ ಎಂದು ಕೇಳಿದರು. ಜೊತೆಗೆ ಪಾಠ ಮಾಡುತ್ತೀಯಾ ಎಂದು ಅವಳನ್ನು ಕೇಳಿದೆ. ರಜೆ ಹಾಕಿ ಬಂದಳು. ಮೊದಲ ದಿನ ಅವಳು ಬೋರ್ಡಿನ ಮುಂದೆ ನಿಂತು, ಗಂಟಲು ಸರಿಮಾಡಿಕೊಂಡು, "ಕುಂತ್ಕಳ್ರಿ, ಹೆದರಬ್ಯಾಡ್ರಿ, ನನಗೂ ಮೊದ್ಲು ಏನೂ ಬರ್ತಿರಲಿಲ್ಲ" ಎಂದಳು. ನಾನು ಹಿಂದಿನ ಬೆಂಚಿನಲ್ಲಿ ಹೊಸಬರ ನಡುವೆ ಕುಳಿತೆ. ಪಕ್ಕದಲ್ಲಿದ್ದವನು ನನ್ನನ್ನೂ ಕಲಿಯಲು ಬಂದವಳೆಂದು ತಿಳಿದು, ತನ್ನ ಪೆನ್ನೊಂದನ್ನು ನನ್ನ ಕಡೆಗೆ ಸರಿಸಿದ. ನಾನು ತೆಗೆದುಕೊಂಡು ಬರೆಯಲು ಶುರುಮಾಡಿದೆ.